ಹನ್ನೊಂದು ಸೆಕೆಂಡಿನ ಜಂಬೂ ಸವಾರಿ

ದಸರಾ ಗೊಂಬೆ ಕೂರಿಸುವ ಮನೆಯಲ್ಲಿ ಯಾರಾದರೊಬ್ಬರಿಗೆ ಸಾಲ್ಡರಿಂಗ್ ಹುಚ್ಚು ಹಿಡಿಯಿತೆಂದರೆ ಪಟ್ಟದ ಗೊಂಬೆಗಳಿಗೂ ನೆಮ್ಮದಿ ಇಲ್ಲ. ಮೊದಲ ವರ್ಷ ಬರೀ ಸೀರಿಯಲ್ ಸೆಟ್. ಮರುವರ್ಷ ಅಂಬಾರಿ ಆನೆ ಸುತ್ತು ಹಾಕಬೇಕು, ಚಾಮುಂಡೇಶ್ವರಿಯ ಮುಂದೆ ತಾನಾಗಿ ನಿಲ್ಲಬೇಕು, 11 ಸೆಕೆಂಡಾದ ಮೇಲೆ ಹೊರಡಬೇಕು.

ನಡುವೆ 12 ವೋಲ್ಟಿನ ಗೇರ್ ಮೋಟಾರು, ಅದರ ತೋಳಿನ ತುದಿಗೆ ಆನೆ. 10 ಆರ್‌ಪಿಎಂ (ನಿಮಿಷಕ್ಕೆ 10 ಸುತ್ತು) ಮೋಟಾರು ತಂದರೆ ಆನೆ 6 ಸೆಕೆಂಡಿಗೊಂದು ಪ್ರದಕ್ಷಿಣೆ ಹಾಕುತ್ತದೆ. 750 ಕಿಲೋ ಅಂಬಾರಿ ಹೊತ್ತದ್ದು ಹಾಗೆ ಓಡಬಾರದು, 3.5 ಆರ್‌ಪಿಎಂ ಕೇಳಿ ತನ್ನಿ. ಹೊತ್ತು ಲೆಕ್ಕ ಹಾಕಲು 555 ಐಸಿ: 100 ಕಿಲೋ ಓಮ್ ರೆಸಿಸ್ಟರ್, 100 ಮೈಕ್ರೋಫ್ಯಾರಡ್ ಕೆಪಾಸಿಟರ್, ಎರಡನ್ನೂ ಗುಣಿಸಿದರೆ 10 ಸೆಕೆಂಡು, ಮತ್ತೆ ಗುಣಿಸಿ 1.1ರಿಂದ, ಬಂತು 11. ಕೆಪಾಸಿಟರ್ ಶೇ. 20 ಅತ್ತಿತ್ತ ಇರುವುದರಿಂದ 9ಕ್ಕೂ ಹೊರಟೀತು, 13ಕ್ಕೂ ಹೊರಟೀತು. ಒಂದೆರಡು ನಿಮಿಷ ನಿಲ್ಲಿಸುವ ಆಸೆಗೆ 1 ಮೆಗಾ ಓಮ್ ಜೊತೆ ಹಳೇ ರೇಡಿಯೋದಿಂದ ಕಿತ್ತ ಕೆಪಾಸಿಟರ್ ಹಾಕಿದಿರೋ, ತುಂಬುವಷ್ಟೂ ಒಳಗೇ ಸೋರಿ ಹೋಗುತ್ತದೆ. ಆನೆ ವಿಜಯದಶಮಿಗೂ ಕದಲುವುದಿಲ್ಲ.

ನಿಜವಾದ ಪೇಚಾಟ 555ಕ್ಕೆ ಎಣಿಸಲು ಹೇಳುವ 2ನೇ ಪಿನ್ನಿನದು; ಅದರ ವೋಲ್ಟೇಜು ಕೆಳಗಿಳಿದರೆ ಎಣಿಕೆ ಶುರು. ಆನೆಯ ಹೊಟ್ಟೆಗೆ ಮ್ಯಾಗ್ನೆಟ್, ದೇವಿಯ ಮುಂದೆ ಮ್ಯಾಗ್ನೆಟ್ ಹತ್ತಿರ ಬಂದರೆ ಕೂಡುವ ರೀಡ್ ಸ್ವಿಚ್, ಅದರ ಒಂದು ಕಾಲು ಮೈನಸ್‌ಗೆ; ಸ್ವಿಚ್ಚನ್ನು ನೇರ ಆ ಪಿನ್ನಿಗೇ ಕೊಡುವವರೇ ಹೆಚ್ಚು. ಆನೆ ಬಂತು, ಸ್ವಿಚ್ ಕೂಡಿತು, ನಿಂತಿತು. ನಿಂತದ್ದು ಎಲ್ಲಿ? ಸ್ವಿಚ್ಚಿನ ತಲೆಯ ಮೇಲೇ. 2ನೇ ಪಿನ್ ಕೆಳಗಿರುವಷ್ಟು ಹೊತ್ತೂ 555 ಬಿಡುವುದಿಲ್ಲ. ಬಿಡದೆ ಆನೆ ಸರಿಯುವುದಿಲ್ಲ. ಮನೆಮಂದಿ ಮೋಟಾರು ಸುಟ್ಟಿತೆಂದುಕೊಂಡು ಬೆರಳಲ್ಲಿ ತಳ್ಳುತ್ತಾರೆ, ಗೇರಿನ ಹಲ್ಲು ಮುರಿಯುತ್ತದೆ. ಸ್ವಿಚ್ಚಿಗೂ ಪಿನ್ನಿಗೂ ನಡುವೆ 10 ನ್ಯಾನೋಫ್ಯಾರಡ್ ಕೆಪಾಸಿಟರ್ ಕೂರಿಸಿ, ಅದರ ಎರಡೂ ಬದಿಯಿಂದ 12 ವೋಲ್ಟಿಗೆ 10 ಕಿಲೋ ಓಮ್ ಒಂದೊಂದು ಕಟ್ಟಿ. ಆಗ ಸ್ವಿಚ್ ಕೂಡಿದ ಕ್ಷಣ ಮಾತ್ರ 555ಕ್ಕೆ ಗೊತ್ತಾಗುತ್ತದೆ.

ಮೋಟಾರನ್ನು ನಿಲ್ಲಿಸುವುದು ರಿಲೇ, ಅಂದರೆ 555 ಎಳೆಯುವ ಸ್ವಿಚ್; ಅದರ ಕಾಮನ್ ಕಾಲು ಸುಮ್ಮನಿದ್ದಾಗ ಎನ್‌ಸಿ ಕಾಲಿಗೆ, ಎಳೆದಾಗ ಎನ್‌ಓ ಕಾಲಿಗೆ ಕೂಡುತ್ತದೆ. ಕಾಮನ್ ಮೋಟಾರಿನ ಪ್ಲಸ್‌ಗೆ, ಎನ್‌ಸಿ 12 ವೋಲ್ಟಿಗೆ, ಎನ್‌ಓ ಮೋಟಾರಿನ ಮೈನಸ್‌ಗೆ. ರಿಲೇ ಎಳೆದೊಡನೆ ಕರೆಂಟ್ ತಪ್ಪುವುದಲ್ಲದೆ ಮೋಟಾರಿನ ಎರಡೂ ತುದಿ ಕೂಡಿ ಬ್ರೇಕ್ ಬೀಳುತ್ತದೆ. ಇಲ್ಲದಿದ್ದರೆ ಆನೆ ದೇವಿಯನ್ನು ದಾಟಿ ಪಕ್ಕದ ಚೆಟ್ಟಿಯಾರ್ ಗೊಂಬೆಯ ಅಂಗಡಿಗೆ ಮುಖ ಮಾಡಿ ನಿಲ್ಲುತ್ತದೆ.

ರಿಲೇ ಕಾಯಿಲ್, 555 ಎಣಿಸುವಷ್ಟು ಹೊತ್ತೂ ಕರೆಂಟ್ ಕೊಡುವ 3ನೇ ಪಿನ್ನಿಗೂ ಮೈನಸ್‌ಗೂ ನಡುವೆ; ಅದಕ್ಕಡ್ಡಲಾಗಿ 1ಎನ್4007 ಡಯೋಡ್, ಬಿಳಿ ಪಟ್ಟಿ 3ನೇ ಪಿನ್ ಕಡೆಗೆ. ಉಲ್ಟಾ ಹಾಕಿದರೆ ಐಸಿಯ ಮೇಲೆ ಒಬ್ಬಟ್ಟು ಬೇಯಿಸಬಹುದು. ಮೋಟಾರಿನ ಕಾಲುಗಳಿಗೇ ಒಂದು 104 (0.1 ಮೈಕ್ರೋಫ್ಯಾರಡ್) ಸೆರಾಮಿಕ್ ಕೆಪಾಸಿಟರ್ ಬೆಸುಗೆ ಹಾಕದಿದ್ದರೆ ಬ್ರಷ್ಷಿನ ಕಿಡಿಗೆ 555 ಬೆಚ್ಚಿ ಆನೆ ಅರಮನೆ ಬಾಗಿಲಲ್ಲೂ, ಬನ್ನಿಮಂಟಪದಲ್ಲೂ, ಮನಸ್ಸು ಬಂದಲ್ಲೆಲ್ಲ ನಿಲ್ಲುತ್ತದೆ.

ಇಷ್ಟಾದರೂ ಪ್ಲಗ್ ಹಾಕಿದ ಕೂಡಲೇ 555 ಕೆಲವೊಮ್ಮೆ ತಾನೇ ಎಣಿಸಲು ಶುರುಮಾಡುತ್ತದೆ. 555ನ್ನು ಸುಮ್ಮನಿರಿಸುವ 4ನೇ (ರೀಸೆಟ್) ಪಿನ್ನಿನಿಂದ ಪ್ಲಸ್‌ಗೆ 100 ಕಿಲೋ ಓಮ್, ಮೈನಸ್‌ಗೆ 1 ಮೈಕ್ರೋಫ್ಯಾರಡ್ ಕೊಟ್ಟರೆ ಸರಿಹೋಗುತ್ತದೆ. ಕೊಡುವವರು ಕಡಿಮೆ. ಸಂಜೆ ಸ್ವಿಚ್ ಹಾಕಿದಾಗ ಆನೆ ಕದಲದೆ ನಿಂತಿದ್ದರೆ, ಅರಿಶಿನ ಕುಂಕುಮಕ್ಕೆ ಬಂದವರು ಅದು ಸಲಾಮು ಮಾಡುತ್ತಿದೆ ಎಂದುಕೊಂಡು ಮಕ್ಕಳಿಂದ ಕೈ ಮುಗಿಸುತ್ತಾರೆ.