ಅಲ್ಲಿ ಆಗುತ್ತೆ, ಇಲ್ಲಿ ಯಾಕಾಗಲ್ಲ?

ಕೈಲ್‌ಪೊಳ್ದ್ ಹಬ್ಬ ಬಂತೆಂದರೆ ಶಿಕಾಗೋ ಸುತ್ತಮುತ್ತಲಿನ ನಾವು ಏಳೆಂಟು ಕೊಡಗಿನ ಮನೆಯವರು ಒಂದು ಕಡೆ ಸೇರುತ್ತೇವೆ. ಈ ಸಲ ಪಂದಿ ಕರಿ, ಅಂದರೆ ಹಂದಿಮಾಂಸದ ಸಾರು, ನನ್ನ ಪಾಲಿಗೆ ಬಂದಿತ್ತು. ಅದಕ್ಕೆ ಹಾಕುವ ಹುಳಿ, ಕಾಚಂಪುಳಿ, ಊರಿಂದ ಬಂದಿತ್ತು, ಸೂಟ್‌ಕೇಸಿನಲ್ಲಿ ಮೂರು ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು. ಮಾಂಸ ಮಾತ್ರ ಇಲ್ಲೇ ತರಬೇಕು.

ದೊಡ್ಡ ಅಂಗಡಿಯೊಂದಕ್ಕೆ ಹೋದೆ. ಹೆಸರು ಬೇಡ ಬಿಡಿ. ಪ್ಯಾಕೆಟ್ ಮೇಲೆ ಹಸಿರು ಎಲೆಯ ಚಿತ್ರ, 'ನ್ಯಾಚುರಲ್' ಅಂತ ದಪ್ಪ ಅಕ್ಷರ, ಕೆಳಗೆ 'ಹಾರ್ಮೋನ್ ಸೇರಿಸಿಲ್ಲ'. ಅದರ ಕೆಳಗೆ ಇರುವೆ ಗಾತ್ರದಲ್ಲಿ ಇನ್ನೊಂದು ಸಾಲು: ಹಂದಿಗೆ ಹಾರ್ಮೋನ್ ಕೊಡಲು ಫೆಡರಲ್ ನಿಯಮದಲ್ಲಿ ಅವಕಾಶವಿಲ್ಲ. ಅಂದರೆ ಯಾರೂ ಕೊಡುವಂತೆಯೇ ಇಲ್ಲ, ಅದನ್ನೇ ನಾವು ಕೊಟ್ಟಿಲ್ಲ ಅಂತ ಹೆಮ್ಮೆಪಡೋದು! 'ನ್ಯಾಚುರಲ್' ಕತೆಯೂ ಅಷ್ಟೇ. ಕೃತಕ ಬಣ್ಣಗಿಣ್ಣ ಹಾಕಿಲ್ಲ, ಜಾಸ್ತಿ ಸಂಸ್ಕರಿಸಿಲ್ಲ ಅಂತ ಅದರ ಅರ್ಥ. ಹಂದಿ ಹೇಗೆ ಬದುಕಿತ್ತು ಅನ್ನೋದಕ್ಕೂ ಅದಕ್ಕೂ ಸಂಬಂಧವಿಲ್ಲ.

ಕೌಂಟರಿನ ಹುಡುಗನನ್ನು ಕೇಳಿದೆ, ಇದರ ತಾಯಿಹಂದಿಯನ್ನು ಕ್ರೇಟ್‌ನಲ್ಲಿ ಇಟ್ಟಿದ್ದರಾ? ಪಾಪ, ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಮ್ಯಾನೇಜರ್ ಬಂದರು. "ಕ್ರೇಟ್ ಇಲ್ಲದ ಮಾಂಸ ಈ ಕಡೆ ಒದಗಿಸೋದು ಕಷ್ಟ" ಅಂದರು.

ಈ ಕ್ರೇಟ್ ಅಂದರೆ ಸುಮಾರು ಎರಡಡಿ ಅಗಲ, ಏಳಡಿ ಉದ್ದದ ಕಬ್ಬಿಣದ ಕಟಕಟೆ. ಗಬ್ಬದ ಹಂದಿ ಅದರೊಳಗೆ ನಿಲ್ಲಬಹುದು, ಮಲಗಬಹುದು. ತಿರುಗುವಂತಿಲ್ಲ. ಹಂದಿಯ ಗಬ್ಬ 114 ದಿನ, ಅಂದರೆ ಮೂರು ತಿಂಗಳು ಮೂರು ವಾರ ಮೂರು ದಿನ. ಈದ ಮೇಲೆ ಮೂರ್ನಾಲ್ಕು ವಾರ ಹಾಲೂಡಿಸಬೇಕು. ಮರಿಗಳನ್ನು ಬೇರೆ ಮಾಡಿದ ಒಂದು ವಾರಕ್ಕೆಲ್ಲ ಮತ್ತೆ ಗಬ್ಬ. ಹೀಗೆ ವರ್ಷಕ್ಕೆ ಎರಡಕ್ಕಿಂತ ಜಾಸ್ತಿ ಸೂಲು. ಮಾಡಲು ಬೇರೇನೂ ಇಲ್ಲದೆ ಎದುರಿನ ಕಂಬಿ ಕಚ್ಚುತ್ತಾ, ಬರಿಬಾಯಿ ಅಗಿಯುತ್ತಾ ನಿಲ್ಲುತ್ತವೆ.

ನಮ್ಮ ಊರಮನೆ ಹಿಂದೆ ಹಂದಿಗೂಡಿತ್ತು. ಈಯುವ ಹಿಂದಿನ ದಿನ ನಮ್ಮ ಹಂದಿಗೆ ಒಂದು ಕ್ಷಣ ಪುರುಸೊತ್ತಿರುತ್ತಿರಲಿಲ್ಲ. ಒಣಹುಲ್ಲು, ಬಾಳೆ ತರಗು, ಸಿಕ್ಕಿದ್ದನ್ನೆಲ್ಲ ಬಾಯಲ್ಲಿ ಕಚ್ಚಿ ಮೂಲೆಗೆ ಎಳೆದು ಹಾಸಿಗೆ ಮಾಡಿಕೊಳ್ಳುತ್ತಿತ್ತು. ಒಮ್ಮೆ ಅಜ್ಜಿ ಒಣಹಾಕಿದ್ದ ಸೀರೆಯೂ ಹೋಯಿತು. ಅಜ್ಜಿ ಬೈದರು, ಆದರೆ ಕಿತ್ತುಕೊಳ್ಳಲಿಲ್ಲ. ಆ ಹಂದಿಯನ್ನೂ ಕೊನೆಗೆ ನಾವು ತಿಂದೆವು. ನಾನೇನು ಸನ್ಯಾಸಿ ಅಲ್ಲ. "ಹಾಗಾದ್ರೆ ತಿನ್ನೋದೇ ಬಿಡಿ" ಅಂತ ಕಮೆಂಟ್ ಹಾಕುವವರು ಹಾಕಿ, ಬೇಜಾರಿಲ್ಲ. ನಾನು ಕೇಳ್ತಿರೋದು ಬೇರೆ.

ಮ್ಯಾನೇಜರ್ ಹೇಳಿದ "ಕಷ್ಟ" ಅನ್ನೋ ಮಾತು ನೋಡಿ. ಕ್ಯಾಲಿಫೋರ್ನಿಯಾದ ಜನ 2018ರಲ್ಲಿ ಪ್ರೊಪೊಸಿಷನ್ 12 ಅನ್ನೋ ಕಾನೂನಿಗೆ ಓಟು ಹಾಕಿ ಒಪ್ಪಿದರು. ಒಂದೊಂದು ತಾಯಿಹಂದಿಗೂ 24 ಚದರ ಅಡಿ ಜಾಗ ಇರಬೇಕು, ಇಲ್ಲದಿದ್ದರೆ ಅದರ ಮರಿಗಳ ಹಸಿ ಮಾಂಸ ಆ ರಾಜ್ಯದಲ್ಲಿ ಮಾರುವಂತಿಲ್ಲ. ಇದರ ವಿರುದ್ಧ ಹಂದಿ ಸಾಕುವವರ ಸಂಘ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2023ರ ಮೇ ತಿಂಗಳಲ್ಲಿ ನ್ಯಾಯಾಧೀಶರ 5-4 ಮತದಿಂದ ಸೋತಿತು. ಈಗ ಮಜಾ ಕೇಳಿ. ಕ್ಯಾಲಿಫೋರ್ನಿಯಾ ತಿನ್ನುವ ಹಂದಿಮಾಂಸ ಹೆಚ್ಚುಕಡಿಮೆ ಪೂರ್ತಿ ಹೊರಗಿನಿಂದಲೇ ಬರೋದು. ಅಮೆರಿಕದಲ್ಲಿ ಅತಿ ಹೆಚ್ಚು ಹಂದಿ ಸಾಕುವ ಅಯೋವಾ ನಮ್ಮ ಇಲಿನಾಯ್ ಪಕ್ಕದಲ್ಲೇ ಇದೆ. ನನ್ನ ಅಂಗಡಿಯ ಕಂಪನಿಗೆ ಕ್ಯಾಲಿಫೋರ್ನಿಯಾದಲ್ಲೂ ಅಂಗಡಿಗಳಿವೆ. ಅಷ್ಟು ದೂರಕ್ಕೆ ಒದಗಿಸಲು ಆಗುತ್ತೆ, ಪಕ್ಕದೂರಿಗೆ ಕಷ್ಟ ಅಂತೆ!

ಅಲ್ಲಿ ಬೆಲೆ ಏರಿತು, ಸುಳ್ಳು ಹೇಳಲ್ಲ. ಗುಂಪಿನಲ್ಲಿ ಬಿಟ್ಟರೆ ಹಂದಿಗಳು ಕಚ್ಚಾಡುತ್ತವೆ ಅನ್ನೋದೂ ನಿಜವೇ. ಜಾಗ, ಹುಲ್ಲು, ಮೇವು ಹಾಕುವ ರೀತಿ ಎಲ್ಲ ಬದಲಾಗಬೇಕು. ಬ್ರಿಟನ್ 1999ರಲ್ಲೇ ಈ ಕಟಕಟೆ ನಿಲ್ಲಿಸಿತು. ಅಲ್ಲಿನವರು ಬೇಕನ್ ತಿನ್ನೋದು ಬಿಟ್ಟಿಲ್ಲ, ಅಲ್ವಾ?

ಇಲ್ಲಿನ ಅಂಗಡಿಗಳು ಸುಮ್ನೆ ಕೂತಿರಲಿಲ್ಲ, ಮಾತು ಕೊಟ್ಟಿದ್ದವು. 2012ರಲ್ಲಿ ಸೇಫ್‌ವೇ, ಕ್ರೋಗರ್, ಕಾಸ್ಟ್‌ಕೋ ಒಂದರ ಹಿಂದೊಂದು ಕ್ರೇಟ್‌ನಿಂದ ದೂರ ಸರಿಯುತ್ತೇವೆ ಅಂದವು. ಮೆಕ್‌ಡೊನಾಲ್ಡ್ಸ್ ಕೂಡ. ಆಮೇಲೆ ಮೆಕ್‌ಡೊನಾಲ್ಡ್ಸ್ ತನ್ನ ಮಾತನ್ನು 'ಗಬ್ಬ ಖಚಿತವಾದ ಹಂದಿ'ಗಳಿಗೆ ಅನ್ವಯಿಸಿತು. ಖಚಿತವಾಗುವ ತನಕ, ಅಂದರೆ ಮೊದಲ ಕೆಲವು ವಾರ, ಕಟಕಟೆಯಲ್ಲೇ ಇಡಬಹುದು. 2022ರಲ್ಲಿ ಕಾರ್ಲ್ ಐಕಾನ್ ಅನ್ನೋ ದೊಡ್ಡ ಹೂಡಿಕೆದಾರ ಇದೇ ವಿಷಯಕ್ಕೆ ಷೇರುದಾರರ ಮುಂದೆ ಜಗಳ ತೆಗೆದು ಸೋತರು.

ಅದಕ್ಕೇ ಅಂಗಡಿಯವರಿಗೆ ಪತ್ರ ಬರೆದೆ. ಕ್ರೇಟ್ ಪೂರ್ತಿ ಬಿಡುವ ತಾರೀಖು ಹೇಳಿ. ಅಲ್ಲಿಯವರೆಗೆ ನಿಮ್ಮ ಹಂದಿಮಾಂಸದಲ್ಲಿ ಎಷ್ಟು ಪಾಲು ಕ್ರೇಟ್ ಇಲ್ಲದ್ದು ಅಂತ ವರ್ಷಕ್ಕೊಮ್ಮೆ ಹೇಳಿ. ಎಲೆಯ ಚಿತ್ರ ತೆಗೆದು ಆ ಜಾಗದಲ್ಲಿ ಹಂದಿ ಹೇಗೆ ಬೆಳೆಯಿತು ಅಂತ ಬರೆಯಿರಿ.

ಈ ಸಲದ ಪಂದಿ ಕರಿಗೆ ಒಬ್ಬ ಸಣ್ಣ ರೈತರ ಹತ್ತಿರ ಹೋಗಿ ಮಾಂಸ ತಂದೆ. ಹೋಗಿಬರೋಕೆ ಅರ್ಧ ದಿನ, ದುಡ್ಡೂ ಜಾಸ್ತಿ. ಎಲ್ಲರಿಗೂ ಆಗುವ ಮಾತಲ್ಲ.

ಅಂಗಡಿಯಿಂದ ಮೊನ್ನೆ ಉತ್ತರ ಬಂತು. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ, ಐದು ಡಾಲರ್ ಕೂಪನ್ ಲಗತ್ತಿಸಿದ್ದೇವೆ. ಕೂಪನ್ ವಾಪಸ್ ಕಳಿಸಿ ಮತ್ತೆ ಕೇಳಿದ್ದೇನೆ, ತಾರೀಖು ಯಾವುದು?