ಅವಳಿ ಯಾರ ಕಡೆಯದು?

ಅವಳಿ ಮಕ್ಕಳನ್ನು ಕರೆದುಕೊಂಡು ಬೀದಿಯಲ್ಲಿ ಸುಮ್ನೆ ನಡೆದು ಹೋಗಲು ಆಗುವುದಿಲ್ಲ. ಒಂದೇ ಮೂಗು, ಒಂದೇ ಕಣ್ಣು, ಒಂದೇ ನಡಿಗೆಯ ಇಬ್ಬರು ಹುಡುಗರು ಕಂಡರೆ ಜನ ನಿಂತು ನೋಡುತ್ತಾರೆ. ನಾವಿರುವ ಇಂಗ್ಲೆಂಡಿನಲ್ಲೂ ನಿಲ್ಲುತ್ತಾರೆ, ರಜೆಗೆ ಬಂದಾಗ ಕರ್ನಾಟಕದಲ್ಲೂ ನಿಲ್ಲುತ್ತಾರೆ. ಮೊದಲ ಪ್ರಶ್ನೆ ಎರಡೂ ಕಡೆ ಒಂದೇ. ‘ಟ್ವಿನ್ಸಾ?’ ಎರಡನೆಯದೂ ಒಂದೇ. ‘ಅವಳಿ ನಿಮ್ಮ ಮನೆತನದಲ್ಲಿ ಬಂದಿದ್ದಾ? ನಿಮ್ಮ ಕಡೆಯದಾ, ನಿಮ್ಮ ಹೆಂಡತಿ ಕಡೆಯದಾ?’

ನಮ್ಮ ಹುಡುಗರು ನಮಗೆ ಹುಟ್ಟಿದವರಲ್ಲ. 14 ತಿಂಗಳ ಕೂಸುಗಳಾಗಿದ್ದಾಗ ನಮ್ಮ ಮನೆಗೆ ಬಂದರು. ಈಗ ಅವರಿಗೆ 9 ವರ್ಷ. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ, ಅದು ನನಗೆ ಗೊತ್ತು. ಆದರೂ ಆ ಪ್ರಶ್ನೆಗೆ ಬಾಯಿ ತೆರೆದರೆ ಒಂದೋ ಮಕ್ಕಳ ಎದುರು ಸುಳ್ಳು ಹೇಳಬೇಕು, ಇಲ್ಲಾ ಅವರ ಕತೆಯನ್ನು ಪರಿಚಯವೇ ಇಲ್ಲದವರ ಕೈಗೆ ಇಡಬೇಕು. ನನಗೆ ಎರಡೂ ಬೇಡವಾಗಿತ್ತು. ಬಹಳ ದಿನ ತಡವರಿಸಿದ ಮೇಲೆ ಒಂದು ನಿಜವಾದ ಉತ್ತರ ಸಿಕ್ಕಿತು. ಎರಡು ಅಂಡಗಳಿಂದ ಹುಟ್ಟುವ ಅವಳಿಗಳು ತಾಯಿಯ ಕಡೆಯಿಂದ ಬರುವುದುಂಟು. ಒಂದೇ ಅಂಡ ಎರಡಾಗಿ ಹುಟ್ಟುವ, ಒಂದೇ ರೂಪದ ಅವಳಿಗಳು ಹಾಗೆ ಸಾಮಾನ್ಯವಾಗಿ ಮನೆತನದಲ್ಲಿ ಹರಿದು ಬರುವುದಿಲ್ಲ. ನಮ್ಮವರು ಎರಡನೆಯ ಬಗೆ. ಹಾಗಾಗಿ ‘ಇಂಥ ಅವಳಿ ಯಾರ ಕಡೆಯದೂ ಅಲ್ಲ, ತಾನಾಗಿ ಆಗೋದು’ ಅನ್ನುತ್ತೇನೆ. ಕೇಳಿದವರಿಗೂ ಸಮಾಧಾನ. ಮಕ್ಕಳ ಕತೆ ಮಕ್ಕಳ ಹತ್ತಿರವೇ ಉಳಿಯುತ್ತದೆ.

ನಾನು ಇಷ್ಟು ಹಟ ಹಿಡಿಯಲು ಕಾರಣ ಇದೆ. ನಾನು ಬೆಳೆದ ಬೀದಿಯಲ್ಲಿ ನನ್ನ ಓರಗೆಯ ಒಬ್ಬ ಹುಡುಗನಿದ್ದ. ಅವನನ್ನು ಎಲ್ಲಿಂದಲೋ ತಂದು ಸಾಕಿದ್ದಾರೆ ಅನ್ನುವುದು ಬೀದಿಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು. ಅವನೊಬ್ಬನಿಗೆ ಗೊತ್ತಿರಲಿಲ್ಲ. ಆಟದಲ್ಲಿ ಜಗಳವಾದಾಗ ಯಾರೋ ಒಬ್ಬ ಅದನ್ನು ಕಲ್ಲಿನ ಹಾಗೆ ಅವನ ಮೇಲೆ ಎಸೆದ. ಆಗ ಅವನಿಗೆ 15 ವರ್ಷ. ಅವನು ಅಳಲಿಲ್ಲ. ನಮ್ಮೆಲ್ಲರ ಮುಖ ಒಂದೊಂದಾಗಿ ನೋಡಿದ. ನಮಗೆ ಮೊದಲೇ ಗೊತ್ತಿತ್ತು ಅನ್ನುವುದು ಅವನಿಗೆ ನಮ್ಮ ಮುಖದಲ್ಲೇ ಕಂಡಿತು. ಆಮೇಲೆ ಅವನು ಆಟಕ್ಕೆ ಬರಲಿಲ್ಲ. ಅವನ ತಾಯಿ ಮುಚ್ಚಿಟ್ಟಿದ್ದು ಪ್ರೀತಿಯಿಂದಲೇ. ಮಗನ ಮನಸ್ಸು ನೋಯದಿರಲಿ ಅಂತ. ಆದರೆ ಆ ಪ್ರೀತಿ ಅವನನ್ನು ಕಾಪಾಡಲಿಲ್ಲ.

ಇಂಗ್ಲೆಂಡಿನಲ್ಲಿ ದತ್ತು ಕೊಡುವಾಗ ಮಗುವಿನ ಜೊತೆ ಒಂದು ಪುಸ್ತಕವನ್ನೂ ಕೊಡುತ್ತಾರೆ. ಮಗು ಹುಟ್ಟಿದ್ದು ಎಲ್ಲಿ, ಮೊದಲು ಎತ್ತಿಕೊಂಡವರು ಯಾರು, ಮಲಗಿದ್ದ ತೊಟ್ಟಿಲು ಯಾವುದು, ಹೆತ್ತ ತಾಯಿಗೆ ಅದನ್ನು ಸಾಕಲು ಯಾಕೆ ಆಗಲಿಲ್ಲ, ಎಲ್ಲ ಮಗುವಿಗೆ ಅರ್ಥವಾಗುವ ಮಾತಿನಲ್ಲಿ, ಫೋಟೋಗಳ ಜೊತೆ. ದೊಡ್ಡವನಾದ ಮೇಲೆ ಓದಲು ಒಂದು ಪತ್ರ ಬೇರೆ ಇರುತ್ತದೆ. ನಮ್ಮವರು ಅವಳಿಗಳಾದರೂ ಇಬ್ಬರಿಗೂ ಬೇರೆ ಬೇರೆ ಪುಸ್ತಕ ಬಂತು. ಮೊದಲು ಇದು ಯಾಕೆ, ಇಬ್ಬರ ಕತೆಯೂ ಒಂದೇ ಅಲ್ವಾ ಅಂದುಕೊಂಡಿದ್ದೆ. ಅಲ್ಲ. ಒಬ್ಬ ಹುಟ್ಟಿದ ಮೇಲೆ ಹೆಚ್ಚು ದಿನ ಆಸ್ಪತ್ರೆಯಲ್ಲಿದ್ದ. ಒಬ್ಬ ಬೇಗ ನಡೆದ. ಇಲ್ಲಿ ಜನನ ನೋಂದಣಿಯಲ್ಲಿ ಹುಟ್ಟಿದ ಹೊತ್ತನ್ನು ಬರೆಯುವುದು ಅವಳಿ, ತ್ರಿವಳಿಗಳಿಗೆ ಮಾತ್ರ. ಹಾಗಾಗಿ ನಮ್ಮವರ ನಡುವೆ 12 ನಿಮಿಷದ ಅಂತರ ಅನ್ನುವುದು ಗೊತ್ತಿದೆ. ಆ 12 ನಿಮಿಷದಿಂದಲೇ ನಮ್ಮ ಮನೆಯಲ್ಲಿ ಒಬ್ಬ ದೊಡ್ಡವನು, ಒಬ್ಬ ಚಿಕ್ಕವನು.

ಆ ಪುಸ್ತಕಗಳನ್ನು ಕಪಾಟಿನ ಮೇಲಿನ ಹಲಗೆಯಲ್ಲಿ ಇಟ್ಟಿಲ್ಲ. ಬೇರೆ ಕತೆಪುಸ್ತಕಗಳ ಜೊತೆಗೇ ಕೆಳಗೆ ಇವೆ. ರಾತ್ರಿ ಮಲಗುವ ಮುಂಚೆ ಬೇಕಾದಾಗ ತೆಗೆಯುತ್ತಾರೆ. ‘ಮಕ್ಕಳಿಗೆ ಯಾವಾಗ ಹೇಳಿದಿರಿ?’ ಅಂತ ನೆಂಟರು ಕೇಳುತ್ತಾರೆ. ಕೂರಿಸಿ ಹೇಳಿದ ದಿನ ಅಂತ ಒಂದು ಇಲ್ಲವೇ ಇಲ್ಲ. ಗೊತ್ತಿಲ್ಲದ ದಿನ ಇದ್ದರೆ ತಾನೇ ಗೊತ್ತಾದ ದಿನ ಇರುವುದು?

ಆದರೆ ಪುಸ್ತಕ ಇದ್ದುದು ಇಂಗ್ಲಿಷಿನಲ್ಲಿ. ನಾನು ಮಕ್ಕಳ ಜೊತೆ ಆಡುವುದು ಕನ್ನಡ. ಹೇಗೆ ಹೇಳಲಿ ಅನ್ನುವುದು ನನಗೆ ದೊಡ್ಡ ಯೋಚನೆಯಾಯಿತು. ‘ದತ್ತು’ ಕಚೇರಿಯ ಮಾತು. ಮನೆಯ ಮಾತು ‘ಸಾಕು ಮಕ್ಕಳು’. ಒಮ್ಮೆ ಹಿರಿಯರೊಬ್ಬರು ಫೋನಿನಲ್ಲಿ ಪ್ರೀತಿಯಿಂದಲೇ ಆ ಮಾತು ಆಡಿದರು. ಚಿಕ್ಕವನು ಕೇಳಿಸಿಕೊಂಡ. ಫೋನ್ ಇಟ್ಟ ಮೇಲೆ ನನ್ನ ತೊಡೆ ಹಿಡಿದು ಕೇಳಿದ. ‘ಅಪ್ಪ, ಸಾಕು ಅಂದ್ರೆ ಇನ್ನು ಬೇಡ ಅಂತ ಅಲ್ವಾ?’

ನನಗೆ ಉಸಿರು ನಿಂತ ಹಾಗಾಯಿತು. ಹುಟ್ಟಿದಾಗಿನಿಂದ ಆಡಿದ ಭಾಷೆ. ಒಮ್ಮೆಯೂ ನನಗೆ ಹಾಗೆ ಕೇಳಿಸಿರಲಿಲ್ಲ. ಅವನನ್ನು ಎತ್ತಿಕೊಂಡು, ಇದು ಬೇರೆ ಸಾಕು, ಸಾಕುವುದು ಅಂದರೆ ನೋಡಿಕೊಳ್ಳುವುದು, ಬೆಳೆಸುವುದು, ಎಲ್ಲ ಅಪ್ಪ ಅಮ್ಮಂದಿರೂ ಮಕ್ಕಳನ್ನು ಸಾಕುತ್ತಾರೆ ಅಂದೆ. ‘ಅಜ್ಜಿ ನಿನ್ನ ಸಾಕಿದ್ರಾ?’ ಅಂದ. ಹೌದು ಅಂದೆ. ‘ಹಾಗಾದ್ರೆ ನೀನೂ ಸಾಕು ಮಗ’ ಅಂದ. ಅಂದಿನಿಂದ ನಮ್ಮ ಮನೆಯಲ್ಲಿ ಎಲ್ಲರೂ ಸಾಕು ಮಕ್ಕಳೇ. ಹುಟ್ಟಿನ ತಾಯಿಯ ವಿಷಯದಲ್ಲಿ ಮಾತ್ರ ಕನ್ನಡ ನಮ್ಮ ಕೈ ಬಿಡಲಿಲ್ಲ. ‘ಹೆತ್ತಮ್ಮ’ ಅಂದರೆ ಸಾಕು, ವಿವರಣೆ ಬೇಡ. ಹೆತ್ತವಳೂ ಹೌದು, ಅಮ್ಮನೂ ಹೌದು. ದತ್ತು ಕೊಟ್ಟ ಏಜೆನ್ಸಿಯ ಮೂಲಕ ವರ್ಷಕ್ಕೊಮ್ಮೆ ಅವರಿಗೆ ಪತ್ರ ಬರೆಯುತ್ತೇವೆ. ಹುಡುಗರು ಒಂದೊಂದು ಚಿತ್ರ ಬರೆದು ಸೇರಿಸುತ್ತಾರೆ.

ಮುಚ್ಚಿಡಿ ಅಂತ ಭಾರತದ ಕಾನೂನೂ ಹೇಳಿಲ್ಲ ಅನ್ನುವುದನ್ನು ನಮ್ಮ ಜನರಿಗೆ ಹೇಳಬೇಕು. 18 ತುಂಬಿದವರು ತಮ್ಮ ಮೂಲ ತಿಳಿಯಲು ಅರ್ಜಿ ಹಾಕುವ ದಾರಿ ಅಲ್ಲಿನ ದತ್ತು ನಿಯಮಗಳಲ್ಲೇ ಇದೆ. ಮುಚ್ಚಿಡುವುದು ನಾವೇ. ಅದಕ್ಕೆ ಹಳೆಯ ಒಂದು ಯೋಚನೆ ಕಾರಣ ಅಂತ ನನಗೆ ಅನಿಸುತ್ತದೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಓದಿದರೆ ಗೊತ್ತಾಗುತ್ತದೆ. ಮಗ ಇರುವವರು ಇನ್ನೊಬ್ಬ ಮಗನನ್ನು ದತ್ತು ತೆಗೆದುಕೊಳ್ಳುವಂತಿಲ್ಲ. ಮಗ ಹುಟ್ಟಿದವನಾದರೂ ಸರಿ, ದತ್ತು ಬಂದವನಾದರೂ ಸರಿ. ಅಂದರೆ ನಮ್ಮ ಇಬ್ಬರು ಹುಡುಗರಲ್ಲಿ ಒಬ್ಬ ಬಂದ ಮೇಲೆ ಇನ್ನೊಬ್ಬನಿಗೆ ಬಾಗಿಲು ಮುಚ್ಚಿದಂತೆ! ಮನೆತನ ಮುಂದುವರಿಯಲು ಒಬ್ಬ ಗಂಡು ಬೇಕು, ಸಿಕ್ಕಿದ ಮೇಲೆ ಮುಗಿಯಿತು ಅನ್ನುವ ಲೆಕ್ಕ. ಆ ಕಾಯ್ದೆ ಇನ್ನೂ ಇದೆ. ಈಗ ಹೆಚ್ಚು ಜನ ಹೋಗಬೇಕಾದ ದಾರಿ 2015ರ ಬಾಲನ್ಯಾಯ ಕಾಯ್ದೆಯದು, ಕೇಂದ್ರದ ದತ್ತು ಪ್ರಾಧಿಕಾರ ‘ಕಾರಾ’ ಮೂಲಕ ನಡೆಯುವಂಥದ್ದು. ಅದು ಮಗುವಿಗೆ ಮನೆ ಬೇಕು ಅನ್ನುವ ಕಡೆಯಿಂದ ಯೋಚಿಸುತ್ತದೆ. ಅದರಲ್ಲಿ ಒಡಹುಟ್ಟಿದವರು ಒಟ್ಟಿಗೆ ಒಂದೇ ಮನೆಗೆ ಬರಬಹುದು.

ಒಟ್ಟಿಗೆ ಬರುವುದು ಎಷ್ಟು ದೊಡ್ಡದು ಅಂತ ನನಗೆ ರಾತ್ರಿಗಳಲ್ಲಿ ತಿಳಿಯಿತು. ಬಂದ ಹೊಸದರಲ್ಲಿ ಎರಡು ತೊಟ್ಟಿಲು ಇಟ್ಟಿದ್ದೆವು. ಇಬ್ಬರೂ ಅಳುತ್ತಿದ್ದರು. ಮೂರನೆಯ ರಾತ್ರಿ ತೊಟ್ಟಿಲುಗಳನ್ನು ಅಂಟಿಸಿ ಇಟ್ಟೆವು. ಕಂಬಿಯ ಸಂದಿಯಲ್ಲಿ ದೊಡ್ಡವನು ಕೈ ತೂರಿಸಿ ಚಿಕ್ಕವನ ಅಂಗಿ ಹಿಡಿದ. ನಿದ್ದೆ ಬಂತು. ಅವರ ಬಾಳಿನ ಮೊದಲ 14 ತಿಂಗಳಲ್ಲಿ ಎತ್ತಿಕೊಂಡ ತೋಳುಗಳು ಬದಲಾದವು, ಮನೆಯ ವಾಸನೆ ಬದಲಾಯಿತು, ಕಿವಿಗೆ ಬೀಳುವ ಭಾಷೆ ಬದಲಾಯಿತು. ಬದಲಾಗದೆ ಉಳಿದಿದ್ದು ಪಕ್ಕದಲ್ಲಿದ್ದ ಇನ್ನೊಬ್ಬ. ಇವತ್ತಿಗೂ ಬೇರೆ ಬೇರೆ ಮಂಚ ಇದ್ದರೂ ಬೆಳಿಗ್ಗೆ ಹೋಗಿ ನೋಡಿದರೆ ಒಂದು ಖಾಲಿ ಇರುತ್ತದೆ.

ಮೊದಲ ಕೆಲವು ವಾರ ಬೇರೆ ಯಾರೂ ಅವರನ್ನು ಎತ್ತಬಾರದು, ಉಣಿಸಬಾರದು, ಮಲಗಿಸಬಾರದು ಅಂತ ನಮ್ಮ ಸೋಶಿಯಲ್ ವರ್ಕರ್ ಹೇಳಿದ್ದರು. ಅಪ್ಪ ಅಮ್ಮ ಯಾರು ಅಂತ ಕೂಸಿಗೆ ಗೊತ್ತಾಗಲಿ ಅಂತ. ನಮ್ಮವರಿಗೆ ಇದು ನುಂಗಲಾರದ ಮಾತು. ಅಜ್ಜಿ ಮೊಮ್ಮಕ್ಕಳನ್ನು ಎತ್ತಬಾರದಾ? ನನ್ನ ತಾಯಿಗೆ ನೋವಾಯಿತು. ನಾನು ಆ ಮಾತನ್ನು ಕಟ್ಟುನಿಟ್ಟಾಗಿ ಪಾಲಿಸಿದೆ. ಅದು ಸರಿ ಅಂತ ಈಗಲೂ ನಂಬಿದ್ದೇನೆ. ನನ್ನ ಹೆಂಡತಿಗೆ ಇಲ್ಲಿನ ಕಾನೂನಿನಂತೆ 52 ವಾರ ರಜೆ ಸಿಕ್ಕಿದ್ದರಿಂದ ಅದು ಸಾಧ್ಯವಾಯಿತು. ಭಾರತದಲ್ಲಿ ಹೆರಿಗೆ ರಜೆಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ ದತ್ತು ತಾಯಿಗೆ ಆಗ ಕೊಟ್ಟಿದ್ದು 12 ವಾರ, ಅದೂ ಮಗು 3 ತಿಂಗಳ ಒಳಗಿನದಾಗಿದ್ದರೆ ಮಾತ್ರ. ಯಾರೋ ಬಿಟ್ಟುಹೋದ ಎಳೆಗೂಸನ್ನು ದತ್ತು ಕೊಡಬಹುದು ಅಂತ ಘೋಷಿಸಲು ಅಲ್ಲಿ 2 ತಿಂಗಳವರೆಗೆ ಹಿಡಿಯಬಹುದು. ಆಮೇಲೆ ಮನೆ ಹುಡುಕಬೇಕು. ಅಷ್ಟರಲ್ಲಿ ಕೂಸಿಗೆ 3 ತಿಂಗಳು ದಾಟಿರುತ್ತದೆ. ಇದನ್ನು ಬರೆದವರು ಒಮ್ಮೆಯಾದರೂ ಹೊಸ ಮನೆಗೆ ಬಂದ ಮಗುವಿನ ರಾತ್ರಿ ನೋಡಿದ್ದರೆ ಹೀಗೆ ಬರೆಯುತ್ತಿರಲಿಲ್ಲ.

ಹಾಗಂತ ಇಲ್ಲಿನದೆಲ್ಲ ನನಗೆ ಒಪ್ಪಿಗೆ ಅಂತಲ್ಲ. ಸರ್ಕಾರದ ಆರೈಕೆಯಲ್ಲಿದ್ದು ದತ್ತು ಹೋದ ಮಕ್ಕಳಿಗೆ ಇಲ್ಲಿ ಶಾಲೆ ಸೇರುವಾಗ ಆದ್ಯತೆ ಇದೆ. ಅವರನ್ನು ಗಮನಿಸಲು ಶಾಲೆಯಲ್ಲಿ ಒಬ್ಬ ಟೀಚರ್ ಇರುತ್ತಾರೆ. ಒಳ್ಳೆಯದೇ. ಆದರೆ ಫೈಲ್ ಮಗುವಿಗಿಂತ ಮುಂಚೆ ತರಗತಿಗೆ ಹೋಗಿ ಕೂತಿರುತ್ತದೆ. ಒಂದು ಪೆನ್ಸಿಲ್‌ಗಾಗಿ ಅಣ್ಣ ತಮ್ಮ ಕಿತ್ತಾಡಿದರೆ ನಮ್ಮನ್ನು ಕರೆಸಿ, ಮೊದಲ ವರ್ಷದ ಗಾಯ ಅಂತ ಮಾತಾಡುತ್ತಾರೆ. ನನ್ನ ತಾಯಿ ಅದೇ ಜಗಳ ನೋಡಿ ‘ಗಂಡು ಹುಡುಗರು, ಅದರಲ್ಲೂ ಅವಳಿ, ಕಿತ್ತಾಡದೆ ಇನ್ನೇನು’ ಅಂತ ಒಬ್ಬನನ್ನು ಮಡಿಲಿಗೆ ಎಳೆದುಕೊಳ್ಳುತ್ತಾರೆ. ಆ ಮಾತಿಗೆ ನಾನು ಎಷ್ಟು ಋಣಿ ಅಂತ ಅವರಿಗೆ ಗೊತ್ತಿಲ್ಲ. ಗಾಯ ಇಲ್ಲ ಅಂತ ನಾನು ಹೇಳುತ್ತಿಲ್ಲ. ದೊಡ್ಡವನು ಕಣ್ಣಿಗೆ ಕಾಣದಿದ್ದರೆ ಚಿಕ್ಕವನ ಮೈ ಬಿಗಿಯಾಗುವುದು ನಾನು ನೋಡಿದ್ದೇನೆ. ಆದರೆ ಎಲ್ಲ ಜಗಳವೂ ಅದಲ್ಲ.

ಇನ್ನು ‘ಪುಣ್ಯ ಕಟ್ಟಿಕೊಂಡಿರಿ’, ‘ಅದೃಷ್ಟವಂತ ಮಕ್ಕಳು’ ಅನ್ನುವ ಮಾತುಗಳು. ದಯವಿಟ್ಟು ಮಕ್ಕಳ ಎದುರು ಹೀಗೆ ಹೇಳಬೇಡಿ. ಹೆತ್ತಮ್ಮನನ್ನು ಕಳೆದುಕೊಂಡ ಮಗುವಿಗೆ ನೀನು ಅದೃಷ್ಟವಂತ ಅಂದರೆ ಅದು ಏನು ಅರ್ಥ ಮಾಡಿಕೊಳ್ಳಬೇಕು?

ಕತೆ ಮಕ್ಕಳದು ಅಂತ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದ ನಾನು ಒಂದನ್ನು ಯೋಚಿಸಿರಲಿಲ್ಲ. ನಮ್ಮವರು ಇಬ್ಬರು. ಕತೆ ಒಬ್ಬನದಾಗಿದ್ದರೆ ಹೇಳುವುದು ಬಿಡುವುದು ಅವನಿಗೆ ಬಿಟ್ಟಿದ್ದು. ಇಬ್ಬರದಾದಾಗ?

ಅವರಿಗೆ ಆಗ 6 ವರ್ಷ. ತರಗತಿಯಲ್ಲಿ ಕುಟುಂಬದ ಚಿತ್ರ ಬರೆಯಲು ಹೇಳಿದ್ದರು. ದೊಡ್ಡವನು ಎದ್ದು ನಿಂತು, ನಾನು ದತ್ತು ಬಂದವನು, ನನಗೆ ಹೆತ್ತಮ್ಮ ಬೇರೆ ಇದ್ದಾರೆ ಅಂತ ಎಲ್ಲರಿಗೂ ಹೇಳಿದ. ಹೆಮ್ಮೆಯಿಂದ ಹೇಳಿದ. ಅದೇ ಕೋಣೆಯಲ್ಲಿ ಚಿಕ್ಕವನು ಕೂತಿದ್ದ. ಅವನು ಯಾರಿಗೂ ಹೇಳಿರಲಿಲ್ಲ, ಹೇಳುವ ಮನಸ್ಸೂ ಇರಲಿಲ್ಲ. ಆದರೆ ಒಂದೇ ಮುಖದ ಅಣ್ಣ ‘ನಾನು’ ಅಂದರೆ ಅದು ಅವನೂ ಹೌದಲ್ಲ! ಮನೆಗೆ ಬಂದವನು ಷೂ ಬಿಚ್ಚದೆ ಮೂಲೆಯಲ್ಲಿ ಕೂತ. ಅಣ್ಣನ ಜೊತೆ ಎರಡು ದಿನ ಮಾತಾಡಲಿಲ್ಲ. ಅವರ ಬಾಳಿನಲ್ಲಿ ಅಂಥ ಎರಡು ದಿನ ಅದೇ ಮೊದಲು. ದೊಡ್ಡವನು ರಾತ್ರಿ ಬಂದು ನನ್ನ ಪಕ್ಕ ಮಲಗಿ ‘ನಾನು ನಿಜ ಹೇಳಿದ್ದಲ್ವಾ ಅಪ್ಪ?’ ಅಂತ ಬಿಕ್ಕಿದ. ನಿಜವೇ ಹೇಳಿದ್ದ. ತಪ್ಪು ಅಂತ ನಾನು ಹೇಗೆ ಅನ್ನಲಿ? ಹೇಳದೆ ಇರಬೇಕು ಅನ್ನಿಸಿದ ಚಿಕ್ಕವನದು ತಪ್ಪು ಅಂತ ಹೇಗೆ ಅನ್ನಲಿ?

ಇದಕ್ಕೆ ಇಲ್ಲಿನ ಯಾವ ತರಬೇತಿಯಲ್ಲೂ ಉತ್ತರ ಇರಲಿಲ್ಲ. ಊರಿನ ಹಿರಿಯರ ಹತ್ತಿರವೂ ಇರಲಿಲ್ಲ. ಒಂದು ಕಡೆ ಹೇಳು ಅನ್ನುತ್ತಾರೆ, ಇನ್ನೊಂದು ಕಡೆ ಹೇಳಬೇಡ ಅನ್ನುತ್ತಾರೆ. ಕೇಳಿ ಹೇಳು ಅಂದವರು ಯಾರೂ ಇಲ್ಲ.

ಅದನ್ನು ಕಂಡುಕೊಂಡಿದ್ದು ಹುಡುಗರೇ. ಮೂರನೆಯ ದಿನ ಮಂಚದ ಕೆಳಗೆ ಹೊಕ್ಕು ಬಹಳ ಹೊತ್ತು ಮಾತಾಡಿಕೊಂಡರು. ಹೊರಗೆ ಬಂದಾಗ ಒಪ್ಪಂದವಾಗಿತ್ತು. ಯಾರಾದರೂ ಕೇಳಿದರೆ ಮೊದಲು ಒಬ್ಬರನ್ನೊಬ್ಬರು ನೋಡಬೇಕು. ಕಿವಿ ಮುಟ್ಟಿಕೊಂಡರೆ ಹೇಳಬಹುದು. ಮುಟ್ಟದಿದ್ದರೆ ಇವತ್ತು ಬೇಡ. ನಾವಿಬ್ಬರೂ ಅದೇ ನಿಯಮಕ್ಕೆ ಸೇರಿಕೊಂಡೆವು. ನಾನು ಇದನ್ನು ಬರೆಯುವ ಮುಂಚೆಯೂ ಕೇಳಿದೆ. ಹೆಸರು ಹಾಕಬೇಡ ಅಂದರು. ಹಾಕಿಲ್ಲ.

ಹೋದ ತಿಂಗಳು ಆಟದ ಮೈದಾನದಲ್ಲಿ ಹೊಸಬರೊಬ್ಬರು ಬಗ್ಗಿ, ನಗುತ್ತಾ ಅವರನ್ನೇ ಕೇಳಿದರು. ನಿಮ್ಮ ಮನೆತನದಲ್ಲಿ ಅವಳಿಗಳು ಜಾಸ್ತಿನಾ ಅಂತ. ನಾನು ನನ್ನ ಉತ್ತರ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ದೊಡ್ಡವನು ತಮ್ಮನ ಕಡೆ ನೋಡಿದ. ಚಿಕ್ಕವನ ಕೈ ಕಿವಿಯ ಹತ್ತಿರ ಹೋಯಿತು, ಸ್ವಲ್ಪ ಹೊತ್ತು ಅಲ್ಲೇ ನಿಂತಿತು, ಕೆಳಗೆ ಬಂತು. ‘ನಾವು ಒಂದೇ ಅಂಡದವರು, ಯಾರ ಕಡೆಯವರೂ ಅಲ್ಲ’ ಅಂದ ದೊಡ್ಡವನು. ಅವರು ಹೌದಾ ಅಂತ ನಕ್ಕು ಹೋದರು.

ಮನೆ ಹತ್ತಿರ ಬರುವಾಗ ಚಿಕ್ಕವನು ನನ್ನ ಬೆರಳು ಹಿಡಿದು ಹೇಳಿದ. ‘ಅವರು ಮತ್ತೆ ಸಿಕ್ಕಿದ್ರೆ ನಾನೇ ಹೇಳ್ತೀನಿ, ಅಣ್ಣ ಬೇಡ.’