ಮೊದಲು ಯಾವುದನ್ನು ಕೆಡಿಸೋಣ?

ರಿಪೇರಿ ಕಲಿಯಲು ಹೊರಟವರು ಮೊದಲು ಕೈ ಹಾಕುವುದು ಮೊಬೈಲಿಗೆ. ಅದೂ ತಮ್ಮದಕ್ಕಲ್ಲ, ಹೆಂಡತಿಯದಕ್ಕೆ. ಡಿಸ್‌ಪ್ಲೇ ಒಡೆದಿದೆ, ಅಂಗಡಿಯವನು 3,500 ಕೇಳಿದ್ದಾನೆ, ಆನ್‌ಲೈನಿನಲ್ಲಿ 1,800ಕ್ಕೆ ಸಿಗುತ್ತದೆ, ಜೊತೆಗೆ ಸ್ಕ್ರೂಡ್ರೈವರ್ ಸೆಟ್ ಪುಕ್ಕಟೆ, ವಿಡಿಯೊದ ಹುಡುಗ ಆರೇ ನಿಮಿಷದಲ್ಲಿ ಕೆಲಸ ಮುಗಿಸುತ್ತಾನೆ. ಲೆಕ್ಕದಲ್ಲೇನೂ ತಪ್ಪಿಲ್ಲ. ಆ ಹುಡುಗ ಇದಕ್ಕೂ ಮುಂಚೆ ಎಷ್ಟು ಫೋನು ಕೆಡಿಸಿದ್ದಾನೆ ಎನ್ನುವುದು ಮಾತ್ರ ವಿಡಿಯೊದಲ್ಲಿಲ್ಲ. ಸಂಜೆ ಹೊತ್ತಿಗೆ ಹೊಸ ಡಿಸ್‌ಪ್ಲೇ ಕೂತಿರುತ್ತದೆ. ಬೆರಳಚ್ಚು ಹಿಡಿಯುವುದಿಲ್ಲ, ಇಯರ್‌ಪೀಸಿನಲ್ಲಿ ಸದ್ದಿಲ್ಲ, ಮೇಜಿನ ಮೇಲೆ ಸಾಸಿವೆ ಗಾತ್ರದ ಎರಡು ಸ್ಕ್ರೂ ಮಿಕ್ಕಿವೆ. ಫೋನಿನ ಒಡತಿಯ ದನಿ ಫೋನಿಲ್ಲದೆಯೂ ಸ್ಪಷ್ಟವಾಗಿ ಕೇಳಿಸುತ್ತಿರುತ್ತದೆ.

ಹಾಗಾಗಿ ಮೊದಲು ಯಾವುದನ್ನು ರಿಪೇರಿ ಮಾಡಲಿ ಎಂದು ಕೇಳುವುದಕ್ಕಿಂತ, ಯಾವುದನ್ನು ಕೆಡಿಸಿದರೂ ರಾತ್ರಿ ಊಟ ಸಿಗುತ್ತದೆ ಎಂದು ಕೇಳಿಕೊಳ್ಳುವುದು ಲೇಸು. ಆ ಲೆಕ್ಕದಲ್ಲಿ ಮೊದಲು ಫ್ಯಾನು, ಆಮೇಲೆ ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಅದಾದ ಮೇಲೆ ಸೋಲ್ಡರಿಂಗು ಎಂಬ ಬೆಸುಗೆ ಕೆಲಸ, ಕೊನೆಗೆ ಮೊಬೈಲು. ಮೊದಲ ಮೂರರ ಸ್ಕ್ರೂಗಳು ಕಣ್ಣಿಗೆ ಕಾಣುತ್ತವೆ, ಬಿಡಿಭಾಗ ತಾಲ್ಲೂಕು ಕೇಂದ್ರದ ಎಲೆಕ್ಟ್ರಿಕಲ್ ಅಂಗಡಿಯಲ್ಲೇ ಸಿಗುತ್ತದೆ, ದಂಡ ತೆತ್ತರೂ ನೂರಿನ್ನೂರು ರೂಪಾಯಿ.

ಸೀಲಿಂಗ್ ಫ್ಯಾನಿನಂಥ ಸಾಧು ಗುರು ಇನ್ನೊಂದಿಲ್ಲ. ಸ್ವಿಚ್ ಹಾಕಿದರೆ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಪೊರಕೆಯ ಹಿಡಿಯಿಂದ ರೆಕ್ಕೆ ತಳ್ಳಿದರೆ ಹೊರಡುತ್ತದೆ. ಇಲ್ಲವೇ ರೆಗ್ಯುಲೇಟರ್ 5ರಲ್ಲಿದ್ದರೂ 2ರ ನಡಿಗೆ. ಎರಡಕ್ಕೂ ಸಾಮಾನ್ಯವಾಗಿ ಕಾರಣ ಕೆಪಾಸಿಟರ್. ಅಂಗಡಿಯಲ್ಲಿ ಕಂಡೆನ್ಸರ್ ಎಂದರೂ ಕೊಡುತ್ತಾರೆ. ಫ್ಯಾನಿನ ಮೋಟಾರಿನಲ್ಲಿ ಎರಡು ಸುರುಳಿಗಳಿವೆ. ಒಂದಕ್ಕಷ್ಟೇ ಕರೆಂಟು ಹೋದರೆ ಎಡಕ್ಕೋ ಬಲಕ್ಕೋ ಎಂದು ತಿಳಿಯದೆ ಮೋಟಾರು ನಿಂತಲ್ಲೇ ನಡುಗುತ್ತದೆ. ಎರಡನೆಯ ಸುರುಳಿಯ ಕರೆಂಟನ್ನು ಕೆಪಾಸಿಟರ್ ಒಂದಿಷ್ಟು ಮುಂದೆ ತಳ್ಳಿದಾಗ ಅದಕ್ಕೊಂದು ದಿಕ್ಕು ಸಿಗುತ್ತದೆ. ವಯಸ್ಸಾದಂತೆ ಕೆಪಾಸಿಟರಿನ ಸಾಮರ್ಥ್ಯ 2.5 ಮೈಕ್ರೊಫ್ಯಾರಡ್ ಇದ್ದದ್ದು 2ಕ್ಕೆ, 1.5ಕ್ಕೆ ಇಳಿಯುತ್ತದೆ, ಫ್ಯಾನೂ ಅದರ ಜೊತೆ ಸುಸ್ತಾಗುತ್ತ ಹೋಗುತ್ತದೆ. ಹಳೆಯದರ ಮೇಲೆ ಬರೆದಿರುವುದನ್ನೇ ತನ್ನಿ: ಹೆಚ್ಚಾಗಿ 2.5, ಕೆಲವಕ್ಕೆ 3.15, ವೋಲ್ಟೇಜು 440. ‘ದೊಡ್ಡದು ಹಾಕಿ, ಜೋರಾಗಿ ತಿರುಗುತ್ತೆ’ ಎನ್ನುವ ಭಾವಮೈದುನ ಪ್ರತಿ ಮನೆಯಲ್ಲೂ ಒಬ್ಬ ಇರುತ್ತಾನೆ. ತಿರುಗಿದರೂ ತಿರುಗೀತು. ಸುರುಳಿ ಬಿಸಿಯಾಗಿ ಸುಟ್ಟಾಗ ರಿವೈಂಡಿಂಗ್ ದುಡ್ಡು ಮಾತ್ರ ಭಾವಮೈದುನ ಕೊಡುವುದಿಲ್ಲ.

ಅಂಗಡಿಗೆ ಓಡುವ ಮುಂಚೆ ಕರೆಂಟು ತೆಗೆದು ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ ನೋಡಿ. ಸಲೀಸಾಗಿ ನಾಲ್ಕು ಸುತ್ತು ಹೋದರೆ ಕೆಪಾಸಿಟರ್ ತನ್ನಿ. ಬಿಗಿಯಾಗಿ ಕರಕರ ಎಂದರೆ ಬೇರಿಂಗು ಹೋಗಿದೆ, ಎಷ್ಟು ಕೆಪಾಸಿಟರ್ ಹಾಕಿದರೂ ಅಷ್ಟೇ. ಕರೆಂಟು ತೆಗೆಯುವುದೆಂದರೆ ಗೋಡೆಯ ಸ್ವಿಚ್ ಆರಿಸುವುದಲ್ಲ, ಮೇನ್ ಬೋರ್ಡಿನ ಎಂಸಿಬಿ ಸ್ವಿಚ್ಚನ್ನು ಕೆಳಗಿಳಿಸುವುದು. ಹಳೇ ಮನೆಗಳಲ್ಲಿ ಸ್ವಿಚ್ಚನ್ನು ಕರೆಂಟು ತರುವ ಫೇಸ್ ಬದಲು ಅದು ವಾಪಸು ಹೋಗುವ ನ್ಯೂಟ್ರಲ್ ವೈರಿಗೆ ಕೊಟ್ಟಿರುವುದುಂಟು. ಆಗ ಸ್ವಿಚ್ ಆರಿದ್ದರೂ ಫ್ಯಾನಿನೊಳಗೆ ಕರೆಂಟು ಕಾದು ಕೂತಿರುತ್ತದೆ. ಮೇಲಿನ ಬಟ್ಟಲು ಸರಿಸಿ, ವೈರುಗಳ ಫೋಟೊ ತೆಗೆದುಕೊಂಡು, ಕೆಪಾಸಿಟರಿನ ಎರಡು ತುದಿಗಳಿಗೆ ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರನ್ನು ಒಟ್ಟಿಗೆ ತಾಗಿಸಿ ಒಳಗೆ ಉಳಿದ ಕರೆಂಟು ಖಾಲಿ ಮಾಡಿ, ಆಮೇಲೆ ಕೈ ಹಾಕಿ. ಕೆಪಾಸಿಟರಿಗೆ ಪ್ಲಸ್ಸು ಮೈನಸ್ಸು ಇಲ್ಲ, ಯಾವ ತುದಿ ಎಲ್ಲಿಗಾದರೂ ಸರಿ. ಆದರೆ ಫೇಸ್ ವೈರು ಮೊದಲ ಸುರುಳಿಯ ತುದಿ (ರನ್ನಿಂಗ್) ಬಿಟ್ಟು ಎರಡನೆಯದರ ತುದಿಗೆ (ಸ್ಟಾರ್ಟಿಂಗ್) ಹೋಯಿತೋ, ಫ್ಯಾನು ಉಲ್ಟಾ ತಿರುಗುತ್ತದೆ. ಇದು ತಕ್ಷಣ ಗೊತ್ತಾಗುವುದಿಲ್ಲ. ವೇಗ ಚೆನ್ನಾಗಿದೆ, ಸದ್ದಿಲ್ಲ, ಮನೆಮಂದಿ ಕೆಳಗೆ ಕೂತು ಮೆಚ್ಚುತ್ತಾರೆ. ಹತ್ತು ನಿಮಿಷದ ಮೇಲೆ ಯಾರೋ ಒಬ್ಬರು ‘ಗಾಳಿ ಯಾಕೋ ಬರ್ತಿಲ್ವಲ್ಲ’ ಎನ್ನುತ್ತಾರೆ. ಗಾಳಿ ಸೂರಿಗೆ ಹೋಗುತ್ತಿರುತ್ತದೆ, ಸೂರಿನ ಜೇಡರಬಲೆ ಕೆಳಗೆ ಬರುತ್ತಿರುತ್ತದೆ. ಇನ್ನು ದಿವಾನದ ಮೇಲೆ ಸ್ಟೂಲಿಟ್ಟು ಹತ್ತುವುದು ಸರ್ಕಸ್ಸಿನವರ ವಿದ್ಯೆ, ಅದನ್ನು ಇಲ್ಲಿ ಹೇಳಿಕೊಡುವುದಿಲ್ಲ.

ಎರಡನೆಯ ಹೆಜ್ಜೆಗೆ ಮಲ್ಟಿಮೀಟರ್ ಬೇಕು, ಅಂದರೆ ವೋಲ್ಟೇಜು, ಕರೆಂಟು, ತಡೆ ಮೂರನ್ನೂ ಅಳೆಯುವ ಮೀಟರು. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳದಿ ಬಣ್ಣದ್ದೊಂದು ಅಗ್ಗಕ್ಕೆ ಸಿಗುತ್ತದೆ, ಕಲಿಯಲು ಅದು ಸಾಕು. ಅದರಲ್ಲಿ ಮೂರು ತೂತುಗಳಿವೆ. 10 ಆಂಪಿಯರ್ ಎಂದು ಬರೆದಿರುವ ತೂತಿನೊಳಗಿರುವುದು ಒಂದು ದಪ್ಪ ತಂತಿ, ಅಷ್ಟೇ. ಕೆಂಪು ವೈರನ್ನು ಅಲ್ಲಿ ಚುಚ್ಚಿಕೊಂಡು ಪ್ಲಗ್ ಪಾಯಿಂಟಿನ ವೋಲ್ಟೇಜು ನೋಡಲು ಹೋಗುವುದೂ, ಪಾಯಿಂಟಿನ ಎರಡು ತೂತಿಗೆ ಒಂದೇ ತಂತಿ ತುರುಕುವುದೂ ಒಂದೇ. ಢಮ್ ಎಂದಾಗ ಮೀಟರಿನ ಕಡ್ಡಿ ಕರಗಿ, ಮನೆ ಕತ್ತಲಾಗಿ, ಟಿ.ವಿ. ಮುಂದೆ ಕೂತವರೆಲ್ಲ ಒಟ್ಟಿಗೆ ನಿಮ್ಮ ಹೆಸರು ಕರೆಯುತ್ತಾರೆ. ಮೊದಲ ಕೆಲವು ತಿಂಗಳು ಪ್ಲಗ್ ಹೊರಗಿರುವಾಗ ಮಾಡುವ ಅಳತೆಗಳಷ್ಟೇ ಸಾಕು. ಅದರಿಂದಲೇ ಮುಕ್ಕಾಲು ರಿಪೇರಿ ಆಗುತ್ತದೆ.

ಆ ಅಳತೆಗೆ ಹೇಳಿ ಮಾಡಿಸಿದ್ದು ಇಸ್ತ್ರಿಪೆಟ್ಟಿಗೆ. 230ನ್ನು 230ರಿಂದ ಗುಣಿಸಿ ವಾಟಿನಿಂದ ಭಾಗಿಸಿದರೆ ಅದರ ಓಮ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಬರುತ್ತದೆ. 750 ವಾಟಿನದಕ್ಕೆ ಸುಮಾರು 70, ಸಾವಿರ ವಾಟಿನದಕ್ಕೆ 53. ಗುಂಡಿಯನ್ನು ‘ಕಾಟನ್’ ತನಕ ತಿರುಗಿಸಿ, ಪ್ಲಗ್ಗಿನ ಎರಡು ಸಣ್ಣ ಪಿನ್ನುಗಳ ನಡುವೆ ಅಳೆಯಿರಿ. ಇಲ್ಲೊಂದು ಗುಂಡಿ ತೋಡಿಟ್ಟಿದೆ, ಹೊಸಬರೆಲ್ಲ ಬೀಳುತ್ತಾರೆ. ಮೀಟರನ್ನು, ತಂತಿ ಕೂಡಿದ್ದರೆ ಬೀಪ್ ಅನ್ನುವ ಜಾಗದಲ್ಲಿಟ್ಟು ಅಳೆದರೆ ಕೆಲವು ಮೀಟರುಗಳು 70 ಓಮಿಗೆ ಬೀಪ್ ಅನ್ನುವುದೇ ಇಲ್ಲ. ಆರೋಗ್ಯವಾಗಿದ್ದ ಇಸ್ತ್ರಿಪೆಟ್ಟಿಗೆ ಗುಜರಿ ಸೇರುತ್ತದೆ. 200 ಓಮಿನ ಜಾಗದಲ್ಲಿಟ್ಟು ಅಂಕಿ ಓದಿ. ಏನೂ ಬಾರದಿದ್ದರೆ ಮೊದಲ ಅನುಮಾನ ವೈರಿನ ಕುತ್ತಿಗೆಯ ಮೇಲೆ, ಅಂದರೆ ಅದು ಪೆಟ್ಟಿಗೆಯೊಳಗೆ ನುಗ್ಗುವ ಜಾಗದಲ್ಲಿ. ದಿನಾ ಬಾಗಿ ಬಾಗಿ ಒಳಗಿನ ತಾಮ್ರ ತುಂಡಾಗಿರುತ್ತದೆ, ಹೊರಗಿನ ನೂಲು ಏನೂ ಗೊತ್ತಿಲ್ಲದಂತೆ ಇರುತ್ತದೆ. ಅಲ್ಲಿ ಅಲ್ಲಾಡಿಸಿದಾಗ ಅಂಕಿ ಬಂದು ಹೋಗಿ ಮಾಡಿದರೆ, ಒಂದು ಗೇಣು ಕತ್ತರಿಸಿ ಮತ್ತೆ ಜೋಡಿಸಿದರೆ ಮುಗಿಯಿತು. ಹೊಸ ವೈರೇ ಹಾಕುವುದಾದರೆ ನೂಲು ಸುತ್ತಿದ, ಶಾಖ ತಡೆಯುವ ವೈರು. ಟೇಬಲ್ ಫ್ಯಾನಿನ ಪ್ಲಾಸ್ಟಿಕ್ ವೈರು ಬಿಸಿ ತಳಕ್ಕೆ ತಾಗಿದರೆ ಬೆಣ್ಣೆಯಂತೆ ಕರಗುತ್ತದೆ. ಮತ್ತೆ, ಷಾಕ್ ಹೊಡೆಯದಂತೆ ಕಾಯುವ ಆ ಹಸಿರು ಅರ್ತ್ ವೈರು. ‘ಎರಡು ಸಾಕು, ಇದು ಯಾಕೆ’ ಎಂದು ಅದನ್ನು ಕತ್ತರಿಸಿ ಟೇಪು ಸುತ್ತಿಡುವ ಸಂಪ್ರದಾಯ ನಮ್ಮಲ್ಲಿ ಚೆನ್ನಾಗಿ ಬೇರೂರಿದೆ. ಮುಚ್ಚಿದ ಮೇಲೆ ಉದ್ದದ ಅರ್ತ್ ಪಿನ್ನಿಗೂ ಇಸ್ತ್ರಿಯ ತಳಕ್ಕೂ ಅಳೆದರೆ ಸೊನ್ನೆಯ ಹತ್ತಿರ ಬರಬೇಕು. ಉಳಿದೆರಡು ಪಿನ್ನಿಗೂ ತಳಕ್ಕೂ ಏನೂ ಬರಬಾರದು. ಬಂದರೆ ಪ್ಲಗ್ ಹಾಕಬೇಡಿ. ಅಂಗಿ ಸುಕ್ಕಾಗಿಯೇ ಇರಲಿ.

ಮಿಕ್ಸಿ ಸಾಮಾನ್ಯವಾಗಿ ಚಟ್ನಿ ಅರ್ಧ ಅರೆದಾಗ ನಿಲ್ಲುತ್ತದೆ, ಹಂಚಿನ ಮೇಲೆ ಮೊದಲ ದೋಸೆ ಹುಯ್ದಿರುವಾಗ. ಬಿಚ್ಚಬೇಡಿ. ತಲೆಕೆಳಗು ಮಾಡಿ ಬುಡದ ಕೆಂಪು ಗುಂಡಿ ಒತ್ತಿ. ಅದು ಓವರ್‌ಲೋಡ್ ಸ್ವಿಚ್ಚು. ಜಾರಿಗೆ ಕಾಯಿ ತುಂಬಿ ತುರುಕಿದರೆ ಮೋಟಾರು ಸುಡುವ ಮುಂಚೆ ಅದೇ ಹಾರಿಕೊಳ್ಳುತ್ತದೆ. (ತಲೆಕೆಳಗು ಮಾಡುವ ಮುಂಚೆ ಜಾರು ತೆಗೆಯಬೇಕು. ಹೇಳುವ ಅಗತ್ಯವಿಲ್ಲ ಎನ್ನಿಸಬಹುದು. ಇದೆ.) ಮೋಟಾರು ತಿರುಗುತ್ತಿದೆ, ಬ್ಲೇಡು ತಿರುಗುತ್ತಿಲ್ಲ ಎಂದರೆ ಮೋಟಾರನ್ನೂ ಜಾರನ್ನೂ ಜೋಡಿಸುವ ಹಲ್ಲಿನ ಬಿಲ್ಲೆ, ಕಪ್ಲರ್, ಸವೆದಿದೆ. ಅದನ್ನು ಬಿಚ್ಚಲು ಮಾಮೂಲಿ ಸ್ಕ್ರೂ ಎಂದುಕೊಂಡು ಬಲ ಹಾಕಿದವರು ಅದನ್ನು ಇನ್ನಷ್ಟು ಬಿಗಿ ಮಾಡಿ, ಕೊನೆಗೆ ಹಲ್ಲು ಮುರಿದು ಕೈಗೆ ಕೊಡುತ್ತಾರೆ. ನೆನಪಿಡಲು ಸುಲಭ: ಮೋಟಾರು ಯಾವ ದಿಕ್ಕಿಗೆ ತಿರುಗುತ್ತದೋ ಕಪ್ಲರನ್ನೂ ಅದೇ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಅರೆಯುವಾಗ ಕಾಳಿನ ಭಾರ ಅದನ್ನು ಎದುರು ದಿಕ್ಕಿಗೆ ತಳ್ಳುತ್ತ ಬಿಗಿಯಾಗುತ್ತಲೇ ಇರಲಿ ಎಂದು ಅದರ ಸ್ಕ್ರೂ ಗೀರನ್ನು ಹಾಗೆ ಕೊಯ್ದಿರುತ್ತಾರೆ. ಕಿಡಿ ಹಾರಿ, ನಿಂತು ನಿಂತು ಓಡಿದರೆ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಜೋಡಿ ಕಾರ್ಬನ್ ಬ್ರಷ್ ಸವೆದಿವೆ. ಎರಡನ್ನೂ ಒಟ್ಟಿಗೆ ಬದಲಾಯಿಸಿ. ಹಳೆಯದನ್ನು ತೆಗೆಯುವಾಗ ಮೇಲೊಂದು ಬಟ್ಟೆ ಮುಚ್ಚಿಕೊಳ್ಳಿ, ಯಾಕೆಂದರೆ ಅದರ ಸ್ಪ್ರಿಂಗು ಹಾರುವುದು ಒಂದೇ ಜಾಗಕ್ಕೆ, ಫ್ರಿಜ್ಜಿನ ಅಡಿಗೆ.

ಸೋಲ್ಡರಿಂಗಿಗೆ 25 ವಾಟಿನ ಐರನ್ನು, ತವರ-ಸೀಸದ 60/40 ಸೋಲ್ಡರ್ ವೈರು, ಒದ್ದೆ ಸ್ಪಂಜು, ಸತ್ತ ಚಾರ್ಜರಿನದೋ ರೇಡಿಯೊದ್ದೋ ಒಂದು ಬೋರ್ಡು. ಐವತ್ತು ಬೆಸುಗೆ ಬಿಚ್ಚಿ ಐವತ್ತು ಬೆಸುಗೆ ಹಾಕಿ, ಆಮೇಲೆ ಬೇರೆ ಮಾತು. ಹೊಸಬರು ಐರನ್ನಿನ ತುದಿಯಲ್ಲಿ ಸೋಲ್ಡರ್ ಕರಗಿಸಿ, ಹಣೆಗೆ ವಿಭೂತಿ ಹಚ್ಚಿದಂತೆ ಬೋರ್ಡಿಗೆ ಹಚ್ಚುತ್ತಾರೆ. ಅದು ಅಂಟುವುದಿಲ್ಲ, ಮಂಕಾದ ಗೋಲಿಯಾಗಿ ಕೂತು ನಾಲ್ಕು ದಿನದಲ್ಲಿ ಸಂಬಂಧ ಕಡಿದುಕೊಳ್ಳುತ್ತದೆ. ಬೋರ್ಡಿನ ತಾಮ್ರವನ್ನೂ ಬಿಡಿಭಾಗದ ಕಾಲನ್ನೂ ಒಟ್ಟಿಗೆ ಎರಡು ಸೆಕೆಂಡು ಕಾಯಿಸಿ, ಆ ಬಿಸಿಗೆ ಸೋಲ್ಡರ್ ತಾಗಿಸಿದರೆ ತಾನಾಗಿ ಹರಿದು ಹೊಳೆಯುತ್ತ ಕೂರುತ್ತದೆ. ಕಿಟಕಿ ತೆರೆದಿರಲಿ, ಸೋಲ್ಡರಿನಲ್ಲಿ ಸೀಸವಿದೆ, ಕೈ ತೊಳೆಯದೆ ಚಕ್ಕುಲಿ ಡಬ್ಬಕ್ಕೆ ಹೋಗಬೇಡಿ. ಸ್ಟ್ಯಾಂಡ್ ಇಲ್ಲದೆ ಐರನ್ನು ಕೆಳಗಿಟ್ಟರೆ ಅದು ಮೊದಲು ಸುಡುವುದು ಊಟದ ಮೇಜಿನ ಪ್ಲಾಸ್ಟಿಕ್ ಹೊದಿಕೆ, ಎರಡನೆಯದು ತನ್ನದೇ ವೈರು.

ರಿಪೇರಿಯವರ ಹಳೇ ಆಯುಧ ಒಂದಿದೆ, ಸೀರೀಸ್ ಬಲ್ಬು. ರಿಪೇರಿಯಾದ ಸಾಮಾನನ್ನು ನೇರ ಪ್ಲಗ್ಗಿಗೆ ಹಾಕದೆ 100 ವಾಟಿನ ತಂತಿ ಬಲ್ಬಿನ ಮೂಲಕ ಕರೆಂಟು ಕೊಡುವುದು. ಒಳಗೆ ಷಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಮನೆ ಉಳಿಯುತ್ತದೆ. ಆದರೆ ಇಸ್ತ್ರಿಪೆಟ್ಟಿಗೆ ಸರಿಯಾಗಿದ್ದರೂ ಬಲ್ಬು ಹೆಚ್ಚುಕಡಿಮೆ ಪೂರ್ತಿಯೇ ಉರಿಯುತ್ತದೆ. ಬಲ್ಬಿನ ಐನೂರು ಚಿಲ್ಲರೆ ಓಮಿನ ಮುಂದೆ 70 ಯಾವ ಲೆಕ್ಕ? ಇದು ಗೊತ್ತಿಲ್ಲದವರು ಚೆನ್ನಾಗಿರುವ ಪೆಟ್ಟಿಗೆಯನ್ನು ಮೂರು ಸಲ ಬಿಚ್ಚುತ್ತಾರೆ.

ಇಷ್ಟಾದ ಮೇಲೆ ಮೊಬೈಲಿಗೆ ಬನ್ನಿ. ಚಾರ್ಜ್ ಹಿಡಿಯುತ್ತಿಲ್ಲ ಎಂದರೆ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಚಾರ್ಜಿಂಗ್ ತೂತನ್ನು ಮೆಲ್ಲಗೆ ಕೆರೆಯಿರಿ. ಪ್ಯಾಂಟಿನ ಜೇಬಿನ ನೂಲು ಉಂಡೆಯಾಗಿ ಹೊರಬರುತ್ತದೆ. ಬಿಚ್ಚಲೇಬೇಕಿದ್ದರೆ ಗುಜರಿಯಿಂದ ತಂದ ಸತ್ತ ಫೋನಿನ ಮೇಲೆ ಕೈ ಪಳಗಿಸಿ. ಕಾಗದದ ಮೇಲೆ ಫೋನಿನ ಚಿತ್ರ ಬರೆದು, ಎರಡೂ ಕಡೆ ಅಂಟುವ ಟೇಪು ಹಚ್ಚಿ, ಯಾವ ಮೂಲೆಯ ಸ್ಕ್ರೂ ಅದೇ ಮೂಲೆಗೆ ಅಂಟಿಸಿ. ಸ್ಕ್ರೂಗಳೆಲ್ಲ ಒಂದೇ ಥರ ಕಾಣುತ್ತವೆ, ಉದ್ದ ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆ. ಉದ್ದನೆಯದು ಗಿಡ್ಡದರ ಗುಂಡಿಗೆ ಹೋದರೆ ಬೋರ್ಡಿನೊಳಗಿನ ದಾರಿಗಳನ್ನು ಕೊರೆದು ಹಾಕುತ್ತದೆ. ಅದಕ್ಕೆ ಮದ್ದಿಲ್ಲ. ಬ್ಯಾಟರಿ 25 ಪರ್ಸೆಂಟಿಗಿಂತ ಕೆಳಗಿದ್ದಾಗ ಬಿಚ್ಚಿ, ಅದರ ಅಡಿಗೆ ಚಾಕು ತೂರಿಸಬೇಡಿ, ಹಪ್ಪಳದಂತೆ ಉಬ್ಬಿದ್ದರಂತೂ ಮುಟ್ಟಲೇಬೇಡಿ. ನೀರಿಗೆ ಬಿದ್ದ ಫೋನನ್ನು ಅಕ್ಕಿ ಡಬ್ಬದಲ್ಲಿ ಹೂಳಿದರೆ ನೀರು ಹೋಗುವುದಿಲ್ಲ, ಅಕ್ಕಿಯ ಹುಡಿ ಒಳಗೆ ಹೋಗುತ್ತದೆ.

ಮೈಕ್ರೊವೇವ್ ಓವನ್, ಹಳೇ ಡಬ್ಬಾ ಟಿ.ವಿ., ಇನ್ವರ್ಟರ್: ಈ ಮೂರರ ಮುಚ್ಚಳ ಮುಚ್ಚಿಯೇ ಇರಲಿ. ಮೈಕ್ರೊವೇವಿನ ಕೆಪಾಸಿಟರಿನಲ್ಲಿರುವುದು ಸುಮಾರು ಎರಡು ಸಾವಿರ ವೋಲ್ಟು, ಪ್ಲಗ್ ಕಿತ್ತ ಮೇಲೂ ಅದು ಅಲ್ಲೇ ಕೂತಿರಬಹುದು. ಫ್ಯಾನಿನ ಕೆಪಾಸಿಟರ್ ಬದಲಾಯಿಸಿದ ಧೈರ್ಯ ಇಲ್ಲಿಗೆ ನಡೆಯುವುದಿಲ್ಲ.

ಇನ್ನು ಎಲ್ಲ ಮುಚ್ಚಿದ ಮೇಲೆ ಮಿಕ್ಕುವ ಸ್ಕ್ರೂ. ಮಿಕ್ಸಿಯದಾದರೆ ಬುಡದ ರಬ್ಬರ್ ಕಾಲುಗಳನ್ನು ಕಿತ್ತು ನೋಡಿ, ಒಂದರ ಕೆಳಗೆ ಗುಂಡಿ ಖಾಲಿ ಇರಬಹುದು. ಇಸ್ತ್ರಿಪೆಟ್ಟಿಗೆಯದಾದರೆ ಅದು ಅರ್ತ್ ವೈರಿನದೇ ಇರಬಹುದು, ಮತ್ತೆ ಬಿಚ್ಚಿ. ಬೇರಿಂಗ್ ಹಾಕಿಸಲು ಕೆಳಗಿಳಿಸಿದ್ದ ಫ್ಯಾನನ್ನು ಮತ್ತೆ ಏರಿಸಿದ ಮೇಲೆ, ಕೊಕ್ಕೆಯ ಬೋಲ್ಟು ಜಾರದಂತೆ ತೂರಿಸಿ ಕಾಲು ಬಾಗಿಸುವ ಆ ಸೀಳಿದ ಪಿನ್ನು ಕೈಯಲ್ಲೇ ಉಳಿದಿದ್ದರೆ, ಮೊದಲು ಫ್ಯಾನು ಆರಿಸಿ, ಕೆಳಗೆ ಮಲಗಿರುವವರನ್ನು ಎಬ್ಬಿಸಿ, ಮಂಚ ಪಕ್ಕಕ್ಕೆ ಎಳೆಯಿರಿ. ಏಣಿ ಆಮೇಲೆ ತಂದರಾಯಿತು.